ಗುಳ್ಳೆಯ ಹಿಂದಿನ ಎಳೆಗಳು

ಮಿದುಳಿನ ರಕ್ತನಾಳಗಳ ಮೊದಲ ಪಾಠ ನನಗಾದದ್ದು ಶಿಡ್ಲಘಟ್ಟದ ನಮ್ಮ ಅತ್ತೆಯವರ ಅಡುಗೆಮನೆಯಲ್ಲಿ. ಇದನ್ನು ನಾನು ಯಾವ ಸಮ್ಮೇಳನದಲ್ಲೂ ಬಾಯಿಬಿಟ್ಟು ಹೇಳಿಲ್ಲ. ಹೇಳಿದ್ದರೆ ಕೋಟು ತೊಟ್ಟು ಮುಂದಿನ ಸಾಲಿನಲ್ಲಿ ಕೂತವರೆಲ್ಲ ಕೆಮ್ಮುತ್ತಿದ್ದರು. ಈಗ ನಿವೃತ್ತನಾಗಿದ್ದೇನೆ, ಕೆಮ್ಮುವವರು ಕೆಮ್ಮಲಿ. ನರಶಸ್ತ್ರಚಿಕಿತ್ಸೆ ಕಲಿಯಲು ಹೊರಟ ಹುಡುಗ ಹುಡುಗಿಯರು ಆಗಾಗ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದು, ಸರ್, ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳುತ್ತಾರೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಅವರಿಗೆ ಬೇಕಿಲ್ಲ, ನನಗೂ ಸರಿಯಾಗಿ ನೆನಪಿಲ್ಲ. ಆದರೆ ಆಡಿನ ತಲೆ ಚೆನ್ನಾಗಿ ನೆನಪಿದೆ. ಅಲ್ಲಿಂದಲೇ ಶುರುಮಾಡುತ್ತೇನೆ.

ಅತ್ತೆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಭಾನುವಾರ ತಲೆಮಾಂಸ ತಂದರೆ ಮಿದುಳು ಅಳಿಯನ ತಟ್ಟೆಗೆ. ಮಾವನವರಿಗೂ ಇಲ್ಲ, ಭಾವಮೈದುನನಿಗೂ ಇಲ್ಲ. ಈರುಳ್ಳಿ, ಮೆಣಸು, ಕೊತ್ತಂಬರಿ ಹಾಕಿ ಹುರಿದು, ಮುಚ್ಚಿದ ಬಟ್ಟಲಲ್ಲಿ ತಂದು ಅಳಿಯನ ಮುಂದೆ ಇಟ್ಟರೆ ಅದೇ ಮರ್ಯಾದೆ. ಎಂಬತ್ತರ ದಶಕದ ಆರಂಭದಲ್ಲಿ ನನ್ನ ಮದುವೆಯಾದಾಗ ನಾನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನರಶಸ್ತ್ರಚಿಕಿತ್ಸೆ ಕಲಿಯುತ್ತಿದ್ದೆ. ಅಲ್ಲಿ ಕೊಯ್ದು ಕಲಿಯಲು ಮನುಷ್ಯರ ಮಿದುಳು ಸಿಗುವುದು ಅಪರೂಪ. ಸಿಕ್ಕಿದರೂ ಹಿರಿಯರ ಕೈ ದಾಟಿ ನಮ್ಮ ಪಾಲಿಗೆ ಬರುವಷ್ಟರಲ್ಲಿ ಅದು ಚಟ್ನಿಯಾಗಿರುತ್ತಿತ್ತು. ಇಲ್ಲಿ ನೋಡಿದರೆ ವಾರಕ್ಕೊಂದು ಮಿದುಳು ನನ್ನ ತಟ್ಟೆಗೇ ಬಂದು ಬೀಳುತ್ತಿದೆ, ನಾನು ಅದನ್ನು ಮುದ್ದೆಯ ಜೊತೆ ನುಂಗುತ್ತಿದ್ದೇನೆ. ಒಂದು ಭಾನುವಾರ ಧೈರ್ಯ ಮಾಡಿ, ಈ ಸಲ ಹುರಿಯಬೇಡಿ, ಹಸಿಯದನ್ನೇ ಕೊಡಿ ಅಂದೆ. ಅತ್ತೆ ನನ್ನ ಹೆಂಡತಿ ಸರೋಜಳನ್ನು ಒಳಗೆ ಕರೆದು, ಇವರ ಕಡೆ ಹಸೀದೇ ತಿಂತಾರೇನೇ ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು.

ಹಸಿಯದು ಬಂತು, ಆದರೆ ನುಚ್ಚುನೂರಾಗಿ. ಮಾಂಸದಂಗಡಿಯ ಬಾಷಾ ತಲೆಯನ್ನು ಮಚ್ಚಿನ ಒಂದೇ ಏಟಿಗೆ ಎರಡು ಹೋಳು ಮಾಡುವವನು. ನನಗೆ ಬೇಕಾದ ರಕ್ತನಾಳಗಳೆಲ್ಲ ಇರುವುದು ಮಿದುಳಿನ ತಳದಲ್ಲಿ. ಅವನ ಏಟು ಬೀಳುವುದೂ ಅಲ್ಲಿಗೇ. ಮುಂದಿನ ವಾರ ನಾನೇ ಅಂಗಡಿಗೆ ಹೋಗಿ, ತಲೆಯನ್ನು ಸುಡಬೇಡ, ಒಡೆಯಲೂ ಬೇಡ, ಇಡಿಯಾಗಿ ಕೊಡು ಅಂದೆ.

“ಒಡೀದೆ ಕೊಟ್ರೆ ಒಳಗಿರೋದನ್ನ ಹೆಂಗ್ ತೆಗೀತೀರಾ ಡಾಕ್ಟ್ರೇ?” ಅಂದ.

“ಅದೇ ನಮ್ ಕೆಲ್ಸ ಕಣಪ್ಪ,” ಅಂದೆ.

ಬಾಷಾ ಮಚ್ಚು ಒರೆಸುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ನಾನು ಆ ಬೀದಿಯಲ್ಲಿ ಹೋಗುವಾಗಲೆಲ್ಲ ಅವನು ತಲೆ ಸವರಿಕೊಳ್ಳುತ್ತಿದ್ದ.

ಸತ್ತ ಮೇಲೆ ರಕ್ತನಾಳಗಳು ಕುಗ್ಗಿ ಒದ್ದೆ ದಾರದ ಹಾಗಾಗುತ್ತವೆ, ಎಲ್ಲಿ ಶುರು ಎಲ್ಲಿ ಕೊನೆ ತಿಳಿಯುವುದಿಲ್ಲ. ಅವುಗಳಿಗೆ ಬಣ್ಣ ತುಂಬಬೇಕು. ಅದಕ್ಕೆ ಬೇಕಾದ ರಬ್ಬರಿನ ದ್ರಾವಣ ಆಗ ನಮ್ಮ ಕೈಗೆಟುಕುವ ಮಾತಲ್ಲ. ಅತ್ತೆ ಹಬ್ಬಕ್ಕೆ ಚೈನಾ ಗ್ರಾಸ್ ಎಂಬ ಕಡಲಪಾಚಿ ಹಾಕಿ ಹಲ್ವ ಥರದ ಒಂದು ಸಿಹಿ ಮಾಡುತ್ತಿದ್ದರು. ಆ ಚೈನಾ ಗ್ರಾಸನ್ನೇ ನೀರಲ್ಲಿ ಕಾಯಿಸಿ, ಜಿಲೇಬಿಗೆ ಹಾಕುವ ಕೆಂಪು ಬಣ್ಣ ಕಲಸಿ, ಕುತ್ತಿಗೆಯ ನಾಳಗಳಿಗೆ ಸಿರಿಂಜಿನಲ್ಲಿ ಏರಿಸಿದೆ. ಆರಿದ ಮೇಲೆ ಗಟ್ಟಿಯಾಯಿತು. ಹಿತ್ತಲ ಜಗಲಿಯ ಮೇಲೆ ಕೂತು, ಕನ್ನಡಕಕ್ಕೆ ಸಿಕ್ಕಿಸುವ ಭೂತಗನ್ನಡಿ ಹಾಕಿಕೊಂಡು ಬುರುಡೆ ತೆಗೆದರೆ, ಆಹಾ, ಕೆಂಪು ಕವಲುಗಳು ಎದ್ದು ಕಾಣುತ್ತಿದ್ದವು. ಆ ದಿನ ನಾನು ಊಟಕ್ಕೆ ಏಳಲೇ ಇಲ್ಲ. ನನ್ನ ಕೆಲಸ ಮುಗಿಯುವ ಹೊತ್ತಿಗೆ ಹುರಿಯುವುದಕ್ಕೆ ಏನೂ ಉಳಿದಿರಲಿಲ್ಲ. ಅತ್ತೆಗೆ ನಿಜವಾಗಿಯೂ ಬೇಸರವಾಗಿತ್ತು. ಅಳಿಯನಿಗೆ ಮಾಡುವ ಮರ್ಯಾದೆಯನ್ನು ಅಳಿಯನೇ ಹಿತ್ತಲಲ್ಲಿ ಕುಯ್ದು ಬಿಸಾಡಿದರೆ ಯಾರಿಗೆ ತಾನೇ ಬೇಸರವಾಗುವುದಿಲ್ಲ.

ಆ ತಲೆಯಲ್ಲಿ ನಾನೊಂದು ದೊಡ್ಡ ಸಂಶೋಧನೆಯನ್ನೂ ಮಾಡಿದೆ. ಮಿದುಳಿಗೆ ರಕ್ತ ತರುವ ನಾಳ ಬುರುಡೆಯೊಳಗೆ ಹೊಕ್ಕ ತಕ್ಷಣ ಒಡೆದು, ಸಣ್ಣ ಬಲೆಯ ಹಾಗೆ ಹರಡಿ, ಮತ್ತೆ ಕೂಡಿಕೊಂಡು ಮುಂದೆ ಹೋಗುತ್ತಿತ್ತು. ಯಾವ ಪುಸ್ತಕದಲ್ಲೂ ಇದನ್ನು ನಾನು ಕಂಡಿರಲಿಲ್ಲ. ಚಿತ್ರ ಬರೆದುಕೊಂಡು ಸೋಮವಾರ ನಮ್ಮ ವಿಭಾಗದ ಮುಖ್ಯಸ್ಥರ ಮುಂದೆ ಇಟ್ಟೆ. ಅವರನ್ನು ನಾವೆಲ್ಲ ಪ್ರೊಫೆಸರ್ ಎಂದೇ ಕರೆಯುತ್ತಿದ್ದೆವು, ಇಲ್ಲೂ ಹಾಗೇ ಕರೆಯುತ್ತೇನೆ. ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ ಪ್ರೊಫೆಸರ್, ಈ ಪುಣ್ಯಾತ್ಮ ಬದುಕಿದ್ದಾಗ ಅನ್ನ ತಿಂತಿದ್ನೋ ಹುಲ್ಲು ತಿಂತಿದ್ನೋ ಎಂದು ಕೇಳಿದರು. ಆಡು ಕುರಿಗಳಿಗೆ ಆ ಬಲೆ ಇರುತ್ತದೆ, ಮನುಷ್ಯನಿಗಿಲ್ಲ. ಪಶುವೈದ್ಯರಿಗೆಲ್ಲ ಗೊತ್ತಿದ್ದ ವಿಷಯ ಅದು. ಬಹಳ ದಿನ ಆಸ್ಪತ್ರೆಯಲ್ಲಿ ನನ್ನ ಹೆಸರು ‘ಮ್ಯಾ ಡಾಕ್ಟ್ರು’ ಎಂದಾಗಿತ್ತು. ಆದರೂ ಆಡಿನ ತಲೆಗಳನ್ನು ಬಿಡಲಿಲ್ಲ. ನಕ್ಷೆ ಬೇರೆಯಾದರೂ ಕೈ ಪಳಗುತ್ತಿತ್ತಲ್ಲ.

ಪ್ರೊಫೆಸರ್ ಬಗ್ಗೆ ಹೇಳಬೇಕು. ನಾನು ಕಂಡ ಕೈಗಳಲ್ಲಿ ಅಷ್ಟು ಚುರುಕಾದ ಕೈ ಇನ್ನೊಂದಿಲ್ಲ. ಹಣೆಗೆ ದೀಪ ಕಟ್ಟಿಕೊಂಡು ಬರಿಗಣ್ಣಿನಲ್ಲೇ ಕೆಲಸ. ಬೇರೆಯವರು ಬುರುಡೆ ತೆಗೆಯುವಷ್ಟರಲ್ಲಿ ಅವರು ಹೊಲಿಗೆ ಹಾಕುತ್ತಿದ್ದರು. ಅವರ ಹೆಮ್ಮೆಯ ಆಪರೇಷನ್ ಎಂದರೆ ರಕ್ತನಾಳದ ಗುಳ್ಳೆ. ಮಿದುಳಿನ ತಳದ ನಾಳದಲ್ಲಿ ಕವಲೊಡೆಯುವ ಜಾಗ ಸವೆದು, ಹಳೆ ಸೈಕಲ್ ಟ್ಯೂಬಿನ ಹಾಗೆ ಅಲ್ಲೊಂದು ಕಡೆ ಉಬ್ಬಿಕೊಳ್ಳುತ್ತದೆ. ಒಂದು ದಿನ ಅದು ಸೋರುತ್ತದೆ. ತಲೆಯ ಮೇಲೆ ಯಾರೋ ದೊಣ್ಣೆಯಿಂದ ಹೊಡೆದ ಹಾಗೆ ನೋವು, ವಾಂತಿ, ಕುತ್ತಿಗೆ ಬಿಗಿತ. ಮೊದಲ ಸಲ ಬದುಕಿಕೊಂಡರೂ ಎರಡನೇ ಸಲ ಒಡೆದರೆ ಕಷ್ಟ. ಅಷ್ಟರೊಳಗೆ ಗುಳ್ಳೆಯ ಕತ್ತಿಗೆ, ಅಂದರೆ ಅದು ನಾಳಕ್ಕೆ ಅಂಟಿರುವ ಬುಡಕ್ಕೆ, ಒಂದು ಪುಟ್ಟ ಲೋಹದ ಕ್ಲಿಪ್ ಹಾಕಿ ಮುಚ್ಚಬೇಕು. ಪ್ರೊಫೆಸರ್ ಅದನ್ನು ಬಟ್ಟೆಗೆ ಕ್ಲಿಪ್ ಸಿಕ್ಕಿಸಿದಷ್ಟು ಸಲೀಸಾಗಿ ಹಾಕುತ್ತಿದ್ದರು. ರೋಗಿ ಕಣ್ಣು ಬಿಟ್ಟು, ಹೆಸರು ಹೇಳಿ, ಕೈಕಾಲು ಆಡಿಸಿದರೆ ನಮಗೆ ಸಿಹಿ ಹಂಚುವ ಸಂಭ್ರಮ. ಕೆಲವು ದಿನ ಬಿಟ್ಟು ಹೊಲಿಗೆ ಬಿಚ್ಚಿ ಊರಿಗೆ ಕಳಿಸುತ್ತಿದ್ದೆವು. ಊರಿಗೆ ಹೋದ ಮೇಲೆ ಅವರು ಏನಾದರು ಎಂದು ನೋಡುವ ಪದ್ಧತಿ ಇರಲಿಲ್ಲ.

ಆ ಪದ್ಧತಿ ಶುರುವಾದದ್ದು ಎಂಬತ್ತರ ದಶಕದ ನಡುವಿನಲ್ಲಿ. ಆಸ್ಪತ್ರೆಯವರು ಶನಿವಾರಗಳಂದು ಒಂದು ವ್ಯಾನಿನಲ್ಲಿ ವೈದ್ಯರನ್ನು ಊರುಗಳಿಗೆ ಕಳಿಸಲು ತೀರ್ಮಾನಿಸಿದರು. ಒಂದು ವಾರ ಗೌರಿಬಿದನೂರು, ಒಂದು ವಾರ ಚಿಕ್ಕಬಳ್ಳಾಪುರ, ಆಮೇಲೆ ಚಿಂತಾಮಣಿ, ಶಿಡ್ಲಘಟ್ಟ. ಶನಿವಾರದ ಮಧ್ಯಾಹ್ನವನ್ನು ಕಳೆದುಕೊಳ್ಳಲು ಯಾವ ಹಿರಿಯರೂ ಒಪ್ಪಲಿಲ್ಲ. ನೀನು ಆ ಕಡೆಯವನು, ತೆಲುಗೂ ಬರುತ್ತೆ ಎಂದು ನನ್ನನ್ನು ಹತ್ತಿಸಿದರು. ಅಷ್ಟರಲ್ಲಿ ನಾನು ಓದು ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದ್ದೆ.

ಚಿಂತಾಮಣಿಯಲ್ಲಿ ನಮಗೆ ಸಿಕ್ಕಿದ್ದು ಒಂದು ಮದುವೆ ಛತ್ರ. ಮುಹೂರ್ತ ಇಲ್ಲದ ಶನಿವಾರ ಅದು ನಮ್ಮದು. ಮಂಟಪದ ಮೇಲೆ ಗಂಡು ಹೆಣ್ಣು ಕೂರುವ ಎರಡು ಕೆಂಪು ಮಖಮಲ್ ಕುರ್ಚಿ ಬಿಟ್ಟರೆ ಬೇರೆ ಕುರ್ಚಿಗಳನ್ನು ಛತ್ರದವರು ಬೀಗ ಹಾಕಿ ಇಟ್ಟಿರುತ್ತಿದ್ದರು. ಒಂದರಲ್ಲಿ ನಾನು, ಇನ್ನೊಂದರಲ್ಲಿ ರೋಗಿ. ನಮ್ಮ ತಲೆಯ ಮೇಲೆ ಥರ್ಮೋಕೋಲಿನಲ್ಲಿ ಕೊರೆದ ‘ಶುಭ ವಿವಾಹ’. ಹಣ್ಣು ಹಣ್ಣು ಮುದುಕಿಯೊಬ್ಬಳು ನನ್ನ ಪಕ್ಕದ ಕುರ್ಚಿ ನೋಡಿ, ಅಯ್ಯೋ ಸ್ವಾಮಿ, ಮನೇಲಿ ಯಜಮಾನ್ರು ಇದಾರೆ, ನಾನು ಕೆಳಗೇ ಕೂತ್ಕೋತೀನಿ ಎಂದು ನಾಚಿಕೊಂಡಳು. ಸಾಲಿನಲ್ಲಿದ್ದವರೆಲ್ಲ ನಕ್ಕ ನಗೆಗೆ ಅರ್ಧ ಜನರ ತಲೆನೋವು ಅಲ್ಲೇ ಇಳಿದಿರಬೇಕು.

ಆ ಛತ್ರಕ್ಕೆ ಒಂದು ಶನಿವಾರ ವೆಂಕಟರಾಯಪ್ಪ ಬಂದ. ತರಕಾರಿ ಮಂಡಿಯ ದಲ್ಲಾಳಿ, ಐವತ್ತರ ಆಸುಪಾಸಿನ ಗಟ್ಟಿ ಆಳು. ಕೆಲವು ತಿಂಗಳ ಹಿಂದೆ ಪ್ರೊಫೆಸರ್ ಅವನ ಗುಳ್ಳೆಗೆ ಕ್ಲಿಪ್ ಹಾಕಿದ್ದರು. ಗಾಯ ಚೆನ್ನಾಗಿ ಮಾಯ್ದಿತ್ತು, ನಡಿಗೆ ಸರಿಯಾಗಿತ್ತು. ಹೇಗಿದ್ದೀರಿ ಎಂದರೆ, ಬೆಳಿಗ್ಗೆಯೇ ಮಂಡಿಗೆ ಹೋಗಿ ಬಂದೆ, ಇವತ್ತು ಟೊಮೇಟೊ ಮೂರು ಲೋಡು ಬಂತು, ಒಂದರಲ್ಲಿ ಅರ್ಧ ಕೊಳೆತಿತ್ತು, ಡ್ರೈವರಿಗೆ ಚೆನ್ನಾಗಿ ಬೈದೆ ಎಂದು ಕನ್ನಡ ತೆಲುಗು ಕಲಸಿ ಸೊಗಸಾಗಿ ವರದಿ ಒಪ್ಪಿಸಿದ. ನನಗೆ ಖುಷಿಯಾಯಿತು. ಅವನು ಇಳಿದು ಹೋದ ಮೇಲೆ ಅವನ ಹೆಂಡತಿ ಮುನಿಲಕ್ಷ್ಮಮ್ಮ ಅಲ್ಲೇ ಉಳಿದಳು.

“ಅವರು ಮಂಡಿ ಮುಖ ನೋಡೇ ಇಲ್ಲ ಸ್ವಾಮಿ. ಆಸ್ಪತ್ರೆಯಿಂದ ಬಂದಾಗಿಂದ ಜಗಲಿ ಬಿಟ್ಟು ಎದ್ದಿಲ್ಲ,” ಅಂದಳು. “ದಿನಾ ಒಂದೊಂದು ಹೇಳ್ತಾರೆ. ಊರೋರು ಸುಳ್ಳಪ್ಪ ಅಂತ ನಗ್ತಾರೆ. ಇವರು ಸುಳ್ಳು ಹೇಳೋ ಮನುಷ್ಯ ಅಲ್ಲ ಸ್ವಾಮಿ, ಏನು ಮಾಡಿದ್ರಿ ಇವರಿಗೆ?”

ವೆಂಕಟರಾಯಪ್ಪ ಬೇಕೆಂದು ಸುಳ್ಳು ಹೇಳುತ್ತಿರಲಿಲ್ಲ. ಬೆಳಿಗ್ಗೆ ಏನಾಯಿತು ಎಂಬುದು ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ, ಆ ಖಾಲಿ ಜಾಗವನ್ನು ಅವನ ಮಿದುಳು ತನಗೆ ತೋಚಿದ್ದರಿಂದ ತುಂಬಿಸಿಕೊಳ್ಳುತ್ತಿತ್ತು. ತುಂಬಿಸಿಕೊಂಡದ್ದನ್ನು ಅವನೇ ಮೊದಲು ನಂಬುತ್ತಿದ್ದ. ಅಷ್ಟನ್ನು ಪುಸ್ತಕದಲ್ಲಿ ಓದಿದ್ದೆ. ಕಣ್ಣೆದುರು ಕಂಡದ್ದು ಅದೇ ಮೊದಲು.

ಪ್ರೊಫೆಸರಿಗೆ ಹೇಳಿದೆ. ಕ್ಲಿಪ್ ಇರಬೇಕಾದ ಕಡೆ ಇದೆ, ಆಂಜಿಯೋಗ್ರಾಂ ನೀನೇ ನೋಡಿದ್ದೀಯ, ದಲ್ಲಾಳಿ ಅಂದ ಮೇಲೆ ಬಾಯಿ ಸ್ವಲ್ಪ ದೊಡ್ಡದೇ ಇರುತ್ತೆ ಎಂದು ಮಾತು ಮುಗಿಸಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಮುಂದಿನ ತಿಂಗಳು ಚಿಂತಾಮಣಿಯ ಸರದಿ ಬಂದಾಗ, ವ್ಯಾನಿನ ಮುಂದಿನ ಸೀಟಿನಲ್ಲಿ ಪ್ರೊಫೆಸರ್ ಆಗಲೇ ಕೂತಿದ್ದರು.

ಛತ್ರದಲ್ಲಿ ವೆಂಕಟರಾಯಪ್ಪ ಅವರನ್ನು ಕಂಡವನೇ ಕೈಮುಗಿದು ಹತ್ತಿರ ಬಂದ.

“ಬನ್ನಿ ಸ್ವಾಮಿ. ಮೊನ್ನೆ ಮಗಳ ಮದುವೇಲಿ ನೀವು ಊಟ ಸರಿಯಾಗಿ ಮಾಡ್ಲೇ ಇಲ್ಲ,” ಅಂದ.

ಪ್ರೊಫೆಸರ್ ತಮಾಷೆ ಎಂದುಕೊಂಡು ನಕ್ಕರು. ಅವನು ನಗಲಿಲ್ಲ. ಇದೇ ಛತ್ರ, ಇದೇ ಮಂಟಪ, ಒಬ್ಬಟ್ಟಿಗೆ ತುಪ್ಪ ಸಾಲದೆ ಬಂತು, ಬೀಗರ ಕಡೆಯವರು ಸ್ವಲ್ಪ ಗಲಾಟೆ ಮಾಡಿದರು, ಮಗಳು ಹೋಗುವಾಗ ತುಂಬ ಅತ್ತಳು ಎಂದು ಹೇಳುತ್ತಾ ಹೇಳುತ್ತಾ ಅವನ ಕಣ್ಣಲ್ಲೂ ನೀರು ಬಂತು. ಪ್ರೊಫೆಸರ್ ಮನಸ್ಸು ಕರಗಿ ಹೆಂಡತಿಯ ಕಡೆ ತಿರುಗಿ, ಮಗಳನ್ನ ಯಾವ ಊರಿಗೆ ಕೊಟ್ರಮ್ಮ ಎಂದು ಕೇಳಿದರು.

ಮುನಿಲಕ್ಷ್ಮಮ್ಮ ಸೆರಗಿನ ತುದಿ ಹಿಡಿದುಕೊಂಡು, “ನಮಗೆ ಮಕ್ಕಳೇ ಆಗ್ಲಿಲ್ಲ ಸ್ವಾಮಿ,” ಅಂದಳು.

ವಾಪಸು ಬರುವಾಗ ವ್ಯಾನು ಹೊಸಕೋಟೆಯಲ್ಲಿ ನಿಂತಿತು. ಅಲ್ಲಿ ಟೀ ಕುಡಿಯಲು ಇಳಿದಾಗ ಪ್ರೊಫೆಸರ್ ಲೋಟ ಹಿಡಿದು ನನ್ನ ಪಕ್ಕ ಬಂದು ನಿಂತರು. “ಕ್ಲಿಪ್ ಸರಿಯಾಗೇ ಇತ್ತು ಕಣಯ್ಯ. ಅದರ ಹಿಂದೆ ಏನು ಸಿಕ್ಕಿಹಾಕ್ಕೊಳ್ತು ಅಂತ ನಾನು ನೋಡ್ಲಿಲ್ಲ,” ಅಂದರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ಟೀ ಅಂಗಡಿಯ ಮುಂದೆ ನಿಂತು ಆಡಿದ ಆ ಮಾತಿಗಾಗಿ ನಾನು ಅವರನ್ನು ಈಗಲೂ ಪ್ರೀತಿಸುತ್ತೇನೆ.

ಅಲ್ಲಿ ಏನು ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದೇ ನಮ್ಮ ವೃತ್ತಿಯ ಅರ್ಧ ವಿದ್ಯೆ. ಹಣೆಯ ಹಿಂದೆ, ಮಿದುಳಿನ ಎರಡು ಹೋಳುಗಳ ನಡುವೆ, ಎಡಗಡೆಯ ನಾಳವನ್ನೂ ಬಲಗಡೆಯ ನಾಳವನ್ನೂ ಸೇರಿಸುವ ಒಂದು ಪುಟ್ಟ ಸೇತುವೆ ಇದೆ. ಗುಳ್ಳೆ ಏಳುವುದಕ್ಕೆ ಅದು ಬಹಳ ಇಷ್ಟದ ಜಾಗ. ಆ ಸೇತುವೆಯ ಬೆನ್ನಿನಿಂದ ಕೂದಲಿನಷ್ಟು ಸಣ್ಣ ಎಳೆಗಳು ಹೊರಟು ಒಳಕ್ಕೆ ಹೋಗುತ್ತವೆ. ದೊಡ್ಡ ನಾಳ ಊರಿಗೆ ನೀರು ತರುವ ಪೈಪಾದರೆ ಇವು ಒಂದೊಂದು ಮನೆಯ ಕೊಳಾಯಿ. ಅವು ನೀರುಣಿಸುವ ಮನೆಗಳಲ್ಲಿ ಒಂದು ನೆನಪಿನದು. ಬರಿಗಣ್ಣಿಗೆ ಅವು ಕಾಣುವುದೇ ಇಲ್ಲ. ಕ್ಲಿಪ್ಪಿನ ಬಾಯಿಗೆ ಒಂದೆರಡು ಸಿಕ್ಕಿಕೊಂಡರೆ ರಕ್ತ ಹೆಚ್ಚು ಸುರಿಯುವುದಿಲ್ಲ, ಕೈಕಾಲು ಬೀಳುವುದಿಲ್ಲ, ಆಂಜಿಯೋಗ್ರಾಂ ಚಿನ್ನದ ಹಾಗಿರುತ್ತದೆ. ಮನುಷ್ಯ ಮಾತ್ರ ಇಲ್ಲದ ಮಗಳ ಮದುವೆ ಮಾಡಿ ಮುಗಿಸಿರುತ್ತಾನೆ.

ನಮ್ಮ ಆಸ್ಪತ್ರೆಗೆ ಅಷ್ಟು ಹೊತ್ತಿಗೆ ಒಂದು ಆಪರೇಷನ್ ಮೈಕ್ರೋಸ್ಕೋಪು ಬಂದಿತ್ತು. ಪ್ರೊಫೆಸರ್ ಅದನ್ನು ‘ಸೋಮಾರಿಗಳ ದುರ್ಬೀನು’ ಎಂದು ಕರೆದು ಮೂಲೆಗೆ ಹಾಕಿಸಿದ್ದರು. ಅದಕ್ಕೆ ಹೊದಿಸಿದ್ದ ಹಸಿರು ಬಟ್ಟೆಯ ಮೇಲೆ ಸಿಸ್ಟರುಗಳು ಕೈ ಒರೆಸುತ್ತಿದ್ದರು. ಚಿಂತಾಮಣಿಯಿಂದ ಬಂದ ಸೋಮವಾರ ಪ್ರೊಫೆಸರ್ ತಾವೇ ಆ ಬಟ್ಟೆ ಕಿತ್ತು ಹಾಕಿದರು. ಐವತ್ತು ದಾಟಿದ ಮನುಷ್ಯ ನಮ್ಮ ಜೊತೆ ಬೆಂಚಿನ ಮೇಲೆ ಕೂತು ಮೊದಲಿಂದ ಕಲಿಯಲು ಶುರುಮಾಡಿದರು. ಅದನ್ನು ನೋಡುವುದೇ ಒಂದು ಚಂದ. ಫೋಕಸ್ ಮಾಡಲು ಕಾಲಡಿ ಇರುವ ಪೆಡಲನ್ನು ಕಾರಿನ ಬ್ರೇಕಿನ ಹಾಗೆ ತುಳಿಯುತ್ತಿದ್ದರು, ನೋಟ ಸರ್ರನೆ ಪಾತಾಳಕ್ಕೆ ಇಳಿಯುತ್ತಿತ್ತು. ಕೈಯಲ್ಲಿದ್ದ ಸಲಕರಣೆ ದೊಡ್ಡದಾಗಿ ಕಂಡು ಬೆಚ್ಚಿಬೀಳುತ್ತಿದ್ದರು. ಮೈಕ್ರೋಸ್ಕೋಪಿನಲ್ಲಿ ಅವರು ಮಾಡಿದ ಮೊದಲ ಆಪರೇಷನ್ ಎಷ್ಟು ಹೊತ್ತು ಹಿಡಿಯಿತು ಎಂದರೆ, ಅರಿವಳಿಕೆಯ ಡಾಕ್ಟರು ನಡುವೆ ಮನೆಯಿಂದ ರಾತ್ರಿ ಊಟದ ಕ್ಯಾರಿಯರ್ ತರಿಸಿಕೊಂಡರು. ವೇಗಕ್ಕೆ ಹೆಸರಾದವರು ನಿಧಾನವನ್ನು ಕಲಿಯುವುದು ಸುಲಭದ ಮಾತಲ್ಲ. ಬೈದುಕೊಂಡೇ ಕಲಿತರು.

ಮನುಷ್ಯರ ಮಿದುಳುಗಳು ನಮಗೂ ಸಿಗುವ ಹಾಗೆ ಅವರು ಅಂಗರಚನಾ ವಿಭಾಗದವರ ಜೊತೆ ಜಗಳವಾಡಿ ಏರ್ಪಾಡು ಮಾಡಿದರು. ಸರಿಯಾದ ಕೆಂಪು ರಬ್ಬರಿನ ದ್ರಾವಣವೂ ಬಂತು. ಅತ್ತೆಯ ಚೈನಾ ಗ್ರಾಸಿಗೆ ನಿವೃತ್ತಿ ಸಿಕ್ಕಿತು, ನನ್ನ ಭಾನುವಾರದ ಬಟ್ಟಲೂ ಹುರಿದ ಪರಿಮಳದೊಂದಿಗೆ ತಿರುಗಿ ಬಂತು. ಸಿಕ್ಕಿದ ಪ್ರತಿಯೊಂದು ಮಿದುಳಿನಲ್ಲೂ ಆ ಸೇತುವೆಯನ್ನು ಹುಡುಕಿ, ಅದರ ಬೆನ್ನ ಎಳೆಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ನಮ್ಮ ಪಾಠ. ಆಗ ತಿಳಿದದ್ದು ಏನೆಂದರೆ, ಪುಸ್ತಕದಲ್ಲಿರುವ ಚಿತ್ರದ ಹಾಗೆ ಒಂದು ತಲೆಯೂ ಇರುವುದಿಲ್ಲ. ಒಂದರಲ್ಲಿ ಸೇತುವೆ ಒಂದಿದ್ದರೆ ಇನ್ನೊಂದರಲ್ಲಿ ಎರಡು. ಒಂದರಲ್ಲಿ ಎಳೆಗಳು ಒಂದೇ ಬುಡದಿಂದ ಪೊರಕೆಯ ಹಾಗೆ ಹೊರಟರೆ ಇನ್ನೊಂದರಲ್ಲಿ ಬೇರೆ ಬೇರೆ. ಹುಡುಗರು ನನ್ನನ್ನು ಕೈ ನಡುಗದೆ ಇರುವುದಕ್ಕೆ ಏನು ಮಾಡಬೇಕು ಸರ್, ಕಾಫಿ ಬಿಡಬೇಕಾ ಎಂದು ಕೇಳುತ್ತಾರೆ. ಕಾಫಿ ಕುಡಿಯಿರಿ. ಮುಂದೇನು ಸಿಗುತ್ತದೆ ಎಂದು ತಿಳಿದಿದ್ದರೆ ಕೈ ತಾನಾಗಿ ನಿಲ್ಲುತ್ತದೆ.

ತೊಂಬತ್ತರ ದಶಕದ ಮೊದಲಲ್ಲಿ ನಾನೊಂದು ಅವಿವೇಕ ಮಾಡಿದೆ. ಚಿಕ್ಕಬಳ್ಳಾಪುರದಲ್ಲಿ ಸುತ್ತಲಿನ ಊರುಗಳ ವೈದ್ಯರನ್ನು ಸೇರಿಸಿ, ತಲೆನೋವನ್ನು ಹಗುರವಾಗಿ ನೋಡಬೇಡಿ, ಗುಳ್ಳೆ ಇರಬಹುದು, ತಕ್ಷಣ ಕಳಿಸಿ ಎಂದು ಆವೇಶದ ಭಾಷಣ ಬಿಗಿದೆ. ಮುಂದಿನ ವಾರದಿಂದ ನಾಲ್ಕು ತಾಲ್ಲೂಕಿನ ತಲೆನೋವುಗಳೆಲ್ಲ ಬಾಡಿಗೆ ಕಾರು ಮಾಡಿಕೊಂಡು ಬೆಂಗಳೂರಿಗೆ ಬರತೊಡಗಿದವು. ಅತ್ತೆಯ ಕಾಟದಿಂದ ತಲೆ ಹಿಡಿದುಕೊಂಡ ಸೊಸೆಯರು, ಸೊಸೆಯ ಕಾಟದ ಅತ್ತೆಯರು, ಪರೀಕ್ಷೆಗೆ ಓದದ ಪಿಯುಸಿ ಹುಡುಗರು. ಮ್ಯಾ ಡಾಕ್ಟ್ರ ಮಂದೆ ಬಂತು ನೋಡು ಎಂದು ಸಹೋದ್ಯೋಗಿಗಳು ಆಡಿಕೊಂಡರು. ಆ ಮಂದೆಯ ನಡುವೆ ಗೌರಿಬಿದನೂರಿನ ವೈದ್ಯರೊಬ್ಬರು ಕಳಿಸಿದ ಅಲೀಪುರದ ಸಕೀನಾ ಬೀ ಇದ್ದರು. ಅವರಿಗೆ ನಿಜಕ್ಕೂ ಗುಳ್ಳೆ ಇತ್ತು.

ಸಕೀನಾ ಬೀಗೆ ನಲವತ್ತೈದರ ಸುಮಾರು. ಬಟ್ಟೆ ಒಗೆಯುತ್ತಿದ್ದಾಗ ತಲೆಯಲ್ಲಿ ಏನೋ ಒಡೆದ ಹಾಗಾಗಿ ಕುಸಿದಿದ್ದರು. ಗಂಡ ಊರೂರು ತಿರುಗಿ ಹರಳಿನ ವ್ಯಾಪಾರ ಮಾಡುವವರು, ಸುದ್ದಿ ಮುಟ್ಟಿ ಬರಲು ದಿನಗಳು ಬೇಕು. ಜೊತೆಗೆ ಬಂದದ್ದು ಗಂಡನ ತಂಗಿ ಕುಲ್ಸುಂ. ಆಂಜಿಯೋಗ್ರಾಂ ನೋಡಿದೆ. ಗುಳ್ಳೆ ಅದೇ ಸೇತುವೆಯ ಮೇಲೆ, ಹಿಂದಕ್ಕೆ ವಾಲಿಕೊಂಡು, ಎಳೆಗಳ ಮೇಲೇ ಕೂತಿತ್ತು. ವೆಂಕಟರಾಯಪ್ಪನದೂ ಹೆಚ್ಚುಕಡಿಮೆ ಹೀಗೇ ಇತ್ತು.

ಆಪರೇಷನ್ನಿನ ಹಿಂದಿನ ದಿನ ಒಪ್ಪಿಗೆ ಕೇಳಲು ಹೋದಾಗ ಕುಲ್ಸುಂ ನನ್ನನ್ನು ತಡೆದು ಒಂದು ವಿಷಯ ಹೇಳಿದರು. ಮೊಹರಂ ತಿಂಗಳಲ್ಲಿ ಅವರ ಮನೆಯಲ್ಲಿ ಹೆಂಗಸರು ಕೂಡಿ ಶೋಕಗೀತೆ ಹೇಳುತ್ತಾರೆ. ಬೇರೆಯವು ಪುಸ್ತಕದಲ್ಲಿ ಸಿಗುತ್ತವೆ. ಆದರೆ ಸಕೀನಾ ಬೀಯ ತವರಿನದ್ದೇ ಆದ ಒಂದು ದೊಡ್ಡ ಗೀತೆ ಇದೆ, ಅವರ ಅಜ್ಜಿಯ ಅಜ್ಜಿ ಕಟ್ಟಿದ್ದು. ಅದನ್ನು ಎಲ್ಲೂ ಬರೆದಿಟ್ಟಿಲ್ಲ. ಬಾಯಿಂದ ಬಾಯಿಗೆ ಬಂದು ಈಗ ಸಕೀನಾ ಬೀ ಒಬ್ಬರ ಬಾಯಲ್ಲಿ ಉಳಿದಿದೆ. ಕೂತವರಿಗೆ ಗೊತ್ತಿರುವುದು ಎದೆ ಬಡಿದುಕೊಂಡು ಹೇಳುವ ಪಲ್ಲವಿ ಒಂದೇ. ಕೇಳಿ ಕೇಳಿ ತನಗೆ ಸರಿತಪ್ಪು ಗೊತ್ತಾಗುತ್ತದೆ, ಒಬ್ಬಳೇ ಹೇಳು ಅಂದರೆ ಬರುವುದಿಲ್ಲ ಅಂದರು ಕುಲ್ಸುಂ.

ಟೇಪ್ ರೆಕಾರ್ಡರ್ ತರಿಸಿ ಈಗಲೇ ಹೇಳಿಸೋಣ ಎಂದು ನಾನು ಪ್ರೊಫೆಸರ್ ಹತ್ತಿರ ಓಡಿದೆ. ಅವರು ನಿವೃತ್ತಿಯ ಹೊಸ್ತಿಲಲ್ಲಿದ್ದರು. ದನಿ ಎತ್ತಿ, ಅತ್ತುಕೊಂಡು ಹೇಳೋ ಹಾಡು ತಾನೇ ಅದು, ಗುಳ್ಳೆ ಅಲ್ಲೇ ಒಡೆದು ಹೋದ್ರೆ ಟೇಪ್ ಇಟ್ಕೊಂಡು ಏನ್ ಮಾಡ್ತೀಯ ಎಂದು ಗದರಿದರು. ಅವರ ಮಾತೇ ಸರಿ. ಆ ಹೆಂಗಸು ಜೋರಾಗಿ ಕೆಮ್ಮಲೂ ಬಾರದ ಸ್ಥಿತಿಯಲ್ಲಿದ್ದರು.

ಪರದೆ ಎಳೆದ ಮಂಚದ ಮೇಲೆ ಸಕೀನಾ ಬೀ ಕಣ್ಣು ಮುಚ್ಚಿ ಮಲಗಿದ್ದರು.

“ಡಾಕ್ಟರ್ ಸಾಬ್, ಜೀವದ್ದು ಮಾತಾಡ್ಬೇಡಿ, ಅದು ಮೇಲಿನವನ್ದು. ಅಜ್ಜಿ ಕೊಟ್ಟಿದ್ದು ಉಳೀತದಾ ಹೇಳಿ,” ಅಂದರು.

ಮಾತು ಕೊಡಲಾರೆ ಎಂದೆ.

“ಅದು ತಲೇಲಿ ಎಲ್ಲಿದೆ ಅಂತ ಗೊತ್ತಾ ನಿಮ್ಗೆ?”

“ಎಲ್ಲಿದೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲಮ್ಮ. ಅದಕ್ಕೆ ಯಾವ ದಾರೀಲಿ ರಕ್ತ ಹೋಗುತ್ತೆ ಅಂತ ನನಗೆ ಗೊತ್ತು.”

“ಬಸ್, ಅಷ್ಟು ಸಾಕು,” ಅಂದರು. “ಅದನ್ನ ಮುಟ್ಬೇಡಿ.”

ಮರುದಿನ ನಾನು ಮೈಕ್ರೋಸ್ಕೋಪಿನ ಮುಂದೆ ಕೂತೆ. ಪ್ರೊಫೆಸರ್ ಪಕ್ಕದಲ್ಲಿ, ನೋಡುವವರಿಗೆಂದೇ ಇರುವ ಇನ್ನೊಂದು ಕಿಂಡಿಗೆ ಕಣ್ಣು ಹಚ್ಚಿ ಕೂತರು. ಮಿದುಳಿನ ಮಡಿಕೆಗಳನ್ನು ಬಿಡಿಸಿಕೊಂಡು ಸೇತುವೆಯ ಹತ್ತಿರ ಬಂದೆ. ಗುಳ್ಳೆ ಕಂಡಿತು. ಅದರ ಗೋಡೆ ಎಷ್ಟು ತೆಳು ಅಂದರೆ ಒಳಗೆ ರಕ್ತ ಸುಳಿಯುವುದು ಕಾಣುತ್ತಿತ್ತು. ಹಿಂಬದಿಗೆ ನೋಟ ತಿರುಗಿಸಿದಾಗ, ಗುಳ್ಳೆಯ ಕತ್ತಿಗೆ ಅಂಟಿಕೊಂಡು ಒಂದು ಎಳೆ. ನೀರು ಹನಿಸಿ, ಹನಿಸಿ, ಅದನ್ನು ಗುಳ್ಳೆಯಿಂದ ಬಿಡಿಸಿದೆ. ಬಿಟ್ಟುಕೊಂಡಿತು. ನನ್ನ ಮಟ್ಟಿಗೆ ದಾರಿ ತೆರವಾಗಿತ್ತು. ಕ್ಲಿಪ್ಪಿಗೆ ಕೈ ಚಾಚಿದೆ.

“ಇನ್ನೊಂದಿದೆ,” ಅಂದರು ಪ್ರೊಫೆಸರ್.

ನಾನು ನೋಡಿದೆ. ಕಾಣಲಿಲ್ಲ. ಪೆಡಲ್ ತುಳಿದು ಇನ್ನೂ ಸ್ವಲ್ಪ ಒಳಕ್ಕೆ ಇಳಿದೆ. ಮೊದಲನೆಯದರ ನೆರಳಲ್ಲಿ, ಅದಕ್ಕಿಂತ ಸಣ್ಣದೊಂದು. ಅದನ್ನೂ ಬಿಡಿಸಿ, ಎರಡಕ್ಕೂ ಜಾಗ ಬಿಟ್ಟು ಕ್ಲಿಪ್ ಹಾಕಿದೆ. ಗುಳ್ಳೆ ಮುದುಡಿತು. ಎಳೆಗಳು ಕೆಂಪಾಗಿಯೇ ಇದ್ದವು. ನಾನು ಕತ್ತು ತಿರುಗಿಸಿದಾಗ ಪ್ರೊಫೆಸರ್ ಕಿಂಡಿಯಿಂದ ಕಣ್ಣು ತೆಗೆದಿರಲಿಲ್ಲ.

ಸಕೀನಾ ಬೀ ಎದ್ದರು. ಹೆಸರು ಹೇಳಿದರು, ಊರು ಹೇಳಿದರು, ಕೈಕಾಲು ಆಡಿಸಿದರು. ಮೊದಲಾಗಿದ್ದರೆ ಸಿಹಿ ಹಂಚುತ್ತಿದ್ದೆವು. ಈಗ ಯಾರಿಗೂ ಆ ಧೈರ್ಯವಿಲ್ಲ. ಕೆಲವು ದಿನ ಕಳೆದು, ಅಪಾಯ ಇಲ್ಲ ಅನ್ನಿಸಿದ ಮೇಲೆ, ಒಂದು ಬೆಳಿಗ್ಗೆ ವಾರ್ಡಿನಲ್ಲಿ ಅವರ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ಅಜ್ಜಿ ಕೊಟ್ಟದ್ದನ್ನು ನಿಧಾನವಾಗಿ ಹೇಳಿ ಅಂದೆ.

ಅವರು ಶುರುಮಾಡಿದರು. ಒಂದು ಕಡೆಯೂ ತಡವರಿಸಲಿಲ್ಲ, ಸಾಲಿನ ಮೇಲೆ ಸಾಲು ಬಂತು. ನನಗೋ ಅದೇ ಅನುಮಾನ ಹುಟ್ಟಿಸಿತು. ವೆಂಕಟರಾಯಪ್ಪನೂ ತಡವರಿಸಿರಲಿಲ್ಲವಲ್ಲ. ಒಬ್ಬಟ್ಟಿನ ತುಪ್ಪದವರೆಗೆ ಎಲ್ಲವನ್ನೂ ಹೇಳಿ, ಅತ್ತೂ ತೋರಿಸಿದ್ದ. ಇವರು ಹೇಳುತ್ತಿರುವುದು ಅಜ್ಜಿಯದೋ, ಖಾಲಿ ಜಾಗ ತುಂಬಲು ಈಗ ಕಟ್ಟಿಕೊಂಡದ್ದೋ ಎಂದು ತಿಳಿಯುವಷ್ಟು ಉರ್ದು ನನಗೆ ಬಾರದು. ಮಾತು ಸರಾಗವಾದಷ್ಟೂ ನನ್ನ ಹೆದರಿಕೆ ಹೆಚ್ಚಾಯಿತು. ರೋಗಿಯನ್ನು ನೋಡುವುದು ಬಿಟ್ಟು ಕುಲ್ಸುಂ ಅವರ ಮುಖ ನೋಡತೊಡಗಿದೆ. ಅವರು ಮಂಚದ ಕಂಬಿ ಹಿಡಿದು, ಹುಬ್ಬು ಗಂಟಿಕ್ಕಿ ಕೇಳುತ್ತಿದ್ದರು. ಆ ಮುಖದಿಂದ ಏನೂ ತಿಳಿಯಲಿಲ್ಲ.

ಇದ್ದಕ್ಕಿದ್ದ ಹಾಗೆ ಸಕೀನಾ ಬೀ ನಿಲ್ಲಿಸಿಬಿಟ್ಟರು. ಸಾಲು ಅರ್ಧಕ್ಕೆ ನಿಂತ ಹಾಗಿತ್ತು. ಅವರು ಸುಮ್ಮನೆ ಎದುರಿಗೆ ನೋಡುತ್ತಿದ್ದರು. ಮುಗಿಯಿತು, ಇಲ್ಲಿಂದ ಮುಂದಕ್ಕೆ ಇಲ್ಲ ಅಂದುಕೊಂಡೆ. ಮುಂದೆ ಏನಮ್ಮ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕುಲ್ಸುಂ ಅವರ ಕೈ ಕಂಬಿ ಬಿಟ್ಟು ಮೇಲೆದ್ದು ಎದೆಯ ಮೇಲೆ ಬಿತ್ತು. ಬಿದ್ದ ಏಟಿಗೆ ಸರಿಯಾಗಿ ಅವರ ಗಂಟಲಿಂದ ಪಲ್ಲವಿ ಎದ್ದಿತು. ಸಕೀನಾ ಬೀ ನಿಲ್ಲಿಸಿದ್ದು ಮರೆತು ಅಲ್ಲ. ಅದು ಕೇಳುವವರ ಸರದಿಯಾಗಿತ್ತು.

ಕುಲ್ಸುಂ ಹೇಳಿ ಮುಗಿಸಿದರು, ಸಕೀನಾ ಬೀ ಮುಂದಿನ ಸಾಲು ಹಿಡಿದರು. ಮತ್ತೆ ನಿಲ್ಲಿಸಿದರು, ಮತ್ತೆ ಎದೆಯ ಮೇಲೆ ಕೈ ಬಿತ್ತು. ಇಬ್ಬರಿಗೂ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒಂದು ಪದದ ಅರ್ಥವೂ ಗೊತ್ತಿಲ್ಲದ ನನಗೂ ಸುರಿಯುತ್ತಿತ್ತು. ಅಕ್ಕಪಕ್ಕದ ಮಂಚದವರು ಎದ್ದು ಕೂತರು. ಗದ್ದಲ ಕೇಳಿ ಸಿಸ್ಟರ್ ದಡದಡನೆ ಬಂದಳು, ವಾರ್ಡಿನಲ್ಲಿ ಇದೇನು ಎಂದು ಗದರಿಸಲು. ಬಾಗಿಲಲ್ಲಿ ಯಾವಾಗಲೋ ಬಂದು ನಿಂತಿದ್ದ ಪ್ರೊಫೆಸರ್ ಕೈ ಅಡ್ಡ ಹಿಡಿದು ಅವಳನ್ನು ತಡೆದರು.

“ಇರಮ್ಮ,” ಅಂದರು. “ಟೆಸ್ಟ್ ನಡೀತಾ ಇದೆ.”